ಬರವಣಿಗೆ ಕಲಿಯುವ ಮೊದಲು

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 6.10

ಕಾಫಿಗೂ ಮೊದಲು ಫೋನಿನಲ್ಲಿ ರಾಜ್ಯ ಕಟ್ಟುವ ಆಟದ ನನ್ನ ಸರದಿ ಆಡಿದೆ. ರಾಜಧಾನಿ ನದಿಯ ದಂಡೆಗೆ, ಗುಡ್ಡದ ಮೇಲೆ. ಮೊದಲು ಸುತ್ತಲ ನೆಲ ನೋಡಿ ಬರಲು ಒಬ್ಬ ಸ್ಕೌಟ್, ಆಮೇಲೆ ಇನ್ನೊಬ್ಬ ಸ್ಕೌಟ್, ಆಮೇಲೆ ಯೋಧ. ಉಳಿದವರು ಮೊದಲೇ ವಲಸಿಗರನ್ನು ಕಳಿಸಿ ಎರಡನೇ ಊರು ಕಟ್ಟಲು ಹಾತೊರೆಯುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆಂದು ತಿಳಿಯದೆ ನಾನು ಹೊಸಿಲು ದಾಟುವವನಲ್ಲ.

ಪಕ್ಕದಲ್ಲಿ ಗೆಳೆಯ ಬೋನಾರ್. ಸ್ಕೌಟ್ ಕಣಿವೆ ದಾಟಿದ ಕೂಡಲೇ ಅವನ ಕೆಂಪು ಗಡಿ ಕಾಣಿಸಿತು. ಇಷ್ಟು ದೊಡ್ಡ ನಕಾಶೆಯಲ್ಲಿ ನನ್ನ ಮಗ್ಗುಲಿಗೇ! ಕಾಕತಾಳೀಯವಂತೆ. ಇನ್ಶೂರೆನ್ಸ್ ಆಫೀಸಿನಲ್ಲಿ ಹನ್ನೊಂದು ವರ್ಷ ಜನರ ಕ್ಲೇಮು ಪರಿಶೀಲಿಸಿದವನು ನಾನು. ಆ ಪದ ಕೇಳಿದರೇ ಮೈ ಉರಿಯುತ್ತದೆ.

ತಕ್ಷಣ ಅವನ ವಾಯ್ಸ್ ಮೆಸೇಜ್. "ಲಾಯೆ! ನೀನಾ ಪಕ್ಕದ್ಮನೆ? ಒಳ್ಳೇದಾಯ್ತು ಬಿಡು. ನಿನ್ ತಂಟೆಗೆ ನಾನ್ ಬರಲ್ಲ, ನನ್ ತಂಟೆಗೆ ನೀನ್ ಬರ್ಬೇಡ. ಬರವಣಿಗೆ ಕಲಿತ ದಿನಾನೇ ಒಪ್ಪಂದ ಹಾಕ್ಕೊಳೋಣ!"

ಬೋನಾರ್ ಬತಕ್ ಜನದವನು, ಅವರು ಭಾವಮೈದುನರನ್ನು ಲಾಯೆ ಎನ್ನುತ್ತಾರೆ. ನಾನು ಬೇರೆ ಜನ, ಸುಂಡಾದವನು. ಅವನ ಹೆಂಡತಿಯ ಮುಖ ನೋಡಿದ್ದೇ ಎರಡು ಸಲ. ಯಾವ ಬಾದರಾಯಣ ಸಂಬಂಧವೋ!

ಈ ಆಟದಲ್ಲಿ ಬರವಣಿಗೆ ಎಂಬ ವಿದ್ಯೆ ಕಲಿಯುವವರೆಗೆ ಒಪ್ಪಂದದ ಬಟನ್ನೇ ತೆರೆಯುವುದಿಲ್ಲ. ಅಲ್ಲಿವರೆಗೆ ಬರೀ ಬಾಯಿಮಾತು.

ಆಗಸ್ಟ್ 6. ಊಟದ ಹೊತ್ತು

ಬೋನಾರ್ ಆಫೀಸಿನ ಹತ್ತಿರ ಬಂದಿದ್ದ. ಬೀದಿ ಬದಿಯಲ್ಲಿ ನಿಂತು ಕರಿದ ಮೀನಿನ ಬಟಾಗೋರ್ ತಿಂದೆವು. ಮತ್ತೆ ಅದೇ ಮಾತು: ದಾಗೋ ಬಡಾವಣೆಯಲ್ಲಿ ಕಾಫಿ ಮಳಿಗೆ. ಬೀಜ ಸಿದಿಕಲಾಂಗ್‌ನಲ್ಲಿರುವ ಅವನ ಸೋದರಮಾವನ ತೋಟದಿಂದ. ಹುರಿಯುವುದು ಅವನು, ವ್ಯವಹಾರ ನನ್ನದು. ನಾನು ಕೆಲಸ ಬಿಟ್ಟು ಬರಬೇಕು. ತಿಂಗಳ ಕೊನೆಯೊಳಗೆ ಹೇಳಬೇಕು.

"ಕಾಗದ ಪತ್ರ ಏನಾದ್ರೂ..." ಎಂದೆ.

"ಕಾಗದ ಯಾಕೋ? ನಂಬಿಕೆ ಇಲ್ದೋರು ಮಾಡ್ಕೊಳೋದು ಅದು!" ನಗುತ್ತ ನನ್ನ ತಟ್ಟೆಯ ಕೊನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡ.

ಆಸೆ ಇದೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಕಾಲು ಭಾರವಾಗುತ್ತದೆ. ಆದರೆ ಇಂಥ ಸಲೀಸು ಮಾತಿನವರ ಕ್ಲೇಮುಗಳನ್ನು ಎಷ್ಟು ನೋಡಿಲ್ಲ ನಾನು!

ತೀರ್ಮಾನಿಸಿದೆ. ಬರವಣಿಗೆ ಕಲಿಯುವವರೆಗೆ ಅವನು ಆಟದಲ್ಲಿ ಮಾತು ಉಳಿಸಿಕೊಂಡರೆ ರಾಜೀನಾಮೆ. ಇಲ್ಲದಿದ್ದರೆ ಬಚಾವ್. ನನ್ನ ಹೆಂಡತಿ ನಿನಿಂಗ್‌ಗೂ ಹೇಳಿಲ್ಲ.

ಆಗಸ್ಟ್ 9

ಗಾಳ ಹಾಕಿದೆ. ಬೋನಾರ್‌ನ ಗಡಿಯ ಪಕ್ಕದ ಕೆರೆಯ ಹತ್ತಿರ ನನ್ನ ವಲಸಿಗರನ್ನು ತಂದು ನಿಲ್ಲಿಸಿದ್ದೇನೆ. ಜೊತೆಗೆ ಒಬ್ಬ ಯೋಧನೂ ಇಲ್ಲ. ಎಳಸು ಆಟಗಾರರ ತಪ್ಪು ಇದು, ಯಾರು ಬೇಕಾದರೂ ಬಂದು ಎತ್ತಿಕೊಂಡು ಹೋಗಬಹುದು. ಬೇಕೆಂದೇ ಮಾಡಿದ್ದು. ಊರನ್ನೂ ಕಟ್ಟುತ್ತಿಲ್ಲ.

"ಫೋನ್ ನೋಡ್ಕೊಂಡು ಒಬ್ರೇ ಏನ್ ನಗ್ತಿದೀರ ಕಾಂಗ್?" ಎಂದಳು ನಿನಿಂಗ್. ಗಂಡನನ್ನು ಕಾಂಗ್ ಎನ್ನುವುದು ನಮ್ಮಲ್ಲಿ ರೂಢಿ.

ಏನಿಲ್ಲ ಎಂದೆ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಯಾಕೆ?

ಆಗಸ್ಟ್ 10

ಬೋನಾರ್‌ನ ಯೋಧ ಬಂದ. ವಲಸಿಗರ ಮಗ್ಗುಲಲ್ಲೇ ನಿಂತ. ಹಿಡಿಯಲಿಲ್ಲ. ಮುಂದಿನ ಸರದಿಗೂ ಅಲ್ಲೇ.

ಎತ್ತಿಕೊಂಡು ಹೋಗಿದ್ದರೆ ಅರ್ಥವಾಗುತ್ತಿತ್ತು. ಸುಮ್ಮನೆ ನಿಲ್ಲುವುದು ಯಾಕೆ? ಕೇಳಿಯೇ ಬಿಟ್ಟೆ.

"ಕೆರೆ ಚೆನ್ನಾಗಿದೆ ಲಾಯೆ. ಗಾಳಿ ಕುಡೀತಿದಾನೆ ಪಾಪ!"

ನೇರ ಪ್ರಶ್ನೆಗೆ ತಮಾಷೆಯ ಉತ್ತರ. ಇಂಥವರ ಫೈಲನ್ನು ನಾನು ಎರಡನೇ ಸಲ ಓದುತ್ತೇನೆ.

ಆಗಸ್ಟ್ 12. ಮಧ್ಯಾಹ್ನ

ಗಾರುತ್‌ನಿಂದ ತೆತೆ ಇಮಾಸ್ ಫೋನ್. ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು, ಅದಕ್ಕೇ ತೆತೆ, ಅಂದರೆ ಅಕ್ಕ. ಆಟದಲ್ಲಿ ಮೂರನೆಯವಳು, ನನ್ನ ಪಡುವಣ ಗಡಿಯಾಚೆ ಇರುವವಳು.

"ದಾನ್, ನಿನ್ ಒಳ್ಳೇದಕ್ಕೆ ಹೇಳ್ತೀನಿ. ಬೋನಾರ್ ಬಿಲ್ಲಾಳುಗಳನ್ನ ತಯಾರ್ ಮಾಡ್ತಿದಾನೆ. ಯಾರ್ ಮೇಲೆ ಅಂತ ನಾನ್ ಯಾಕ್ ಬಾಯ್ಬಿಡ್ಲಿ?"

"ನಿಂಗೆ ಹೇಗೆ ಗೊತ್ತು?"

"ನನ್ ಸ್ಕೌಟ್ ಕಣ್ಣಾರೆ ನೋಡಿದಾನೆ. ನನ್ ಕಡೆ ಯೋಚ್ನೆ ಬಿಡು, ನಾವಿಬ್ರೂ ಒಂದೇ ರಕ್ತ ಅಲ್ವೇನೋ?"

ಸಂಜೆ ನನ್ನ ಸ್ಕೌಟ್‌ಗೂ ಕಂಡಿತು. ಇಬ್ಬರು ಬಿಲ್ಲಾಳುಗಳು, ಕೆರೆಯ ಕಡೆಗೇ ಹೊರಟಿದ್ದಾರೆ. ಎರಡನೇ ಊರನ್ನೂ ಕಟ್ಟದೆ ಬಿಲ್ಲಾಳುಗಳು! ಇನ್ನೇನು ಸಾಕ್ಷಿ ಬೇಕು?

ಬೇಜಾರಾಯಿತು. ನಿಜವಾಗಿ ಬೇಜಾರಾಯಿತು. ಮಳಿಗೆಗೆ ಮನಸ್ಸಿನಲ್ಲೇ ಒಂದು ಹೆಸರನ್ನೂ ಇಟ್ಟಿದ್ದೆ.

ಆಗಸ್ಟ್ 14

ಪಡುವಣ ಗಡಿಯಲ್ಲಿ ನಾನು ಕಟ್ಟಿದ ಎರಡನೇ ಊರನ್ನು ಕಾಯುತ್ತಿದ್ದ ಯೋಧರನ್ನೆಲ್ಲ ಕರೆಸಿದೆ. ಬೋನಾರ್‌ನ ರಾಜಧಾನಿಯ ಹಿಂದಿನ ಗುಡ್ಡದ ಮರೆಯಲ್ಲಿ ಇಟ್ಟಿದ್ದೇನೆ. ಬರೀ ಮುಂಜಾಗ್ರತೆಗೆ.

ಆಗಸ್ಟ್ 17, ಭಾನುವಾರ. ಬೆಳಿಗ್ಗೆ 5.30

ಮಾಡಿಬಿಟ್ಟೆ. ಅವನು ಹೊಡೆಯುವ ಮೊದಲೇ ನಾನು ಹೊಡೆದೆ. ಕೋಟೆ ಇಲ್ಲ, ಕಾವಲಿಲ್ಲ, ರಾಜಧಾನಿ ಒಂದೇ ಏಟಿಗೆ ಬಿತ್ತು. ಅವನಿಗಿದ್ದದ್ದು ಅದೊಂದೇ ಊರು. ಇಷ್ಟು ಸುಲಭವೇ? ಎದ್ದು ಕುಣಿಯಬೇಕು ಅನ್ನಿಸಿತು.

ಅದೇ ದಿನ. ಮಧ್ಯಾಹ್ನ

ಆಗಸ್ಟ್ ಹದಿನೇಳು ನಮ್ಮ ದೇಶದ ಸ್ವಾತಂತ್ರ್ಯ ದಿನ, ಕೇರಿಯಲ್ಲಿ ಆಟೋಟ. ದಾರಕ್ಕೆ ಕಟ್ಟಿದ ಕ್ರುಪುಕ್ ಹಪ್ಪಳವನ್ನು ಕೈ ಹಿಂದೆ ಕಟ್ಟಿಕೊಂಡು ತಿನ್ನುವ ಸ್ಪರ್ಧೆ. ಬೋನಾರ್ ಎಲ್ಲಿಂದಲೋ ಬಂದು ಮಕ್ಕಳ ಜೊತೆ ನಿಂತುಬಿಟ್ಟಿದ್ದ. ಮೀಸೆಯ ತುಂಬ ಹಪ್ಪಳದ ಚೂರು.

"ಲಾಯೆ, ಇವತ್ತಿನ್ನೂ ಫೋನೇ ತೆಗ್ದಿಲ್ಲ ಕಣೋ. ನೀನ್ ಆಡಿದ್ಯಾ?"

"ಇಲ್ಲ" ಎಂದೆ.

ಯಾಕೆ ಹಾಗೆಂದೆನೋ. ಬಾಯಿಂದ ಬಂದುಬಿಟ್ಟಿತು.

ಸಂಜೆ

ಬೋನಾರ್‌ನ ಊರು ಕೈಗೆ ಬಂದಿದ್ದರಿಂದ ಅವನಿಗೆ ಕಾಣುತ್ತಿದ್ದ ನೆಲವೆಲ್ಲ ಈಗ ನನಗೂ ಕಾಣುತ್ತಿದೆ. ಕೆರೆಯ ಆಚೆ ನಕಾಶೆಗೆ ಮುಸುಕಿದ್ದ ಮಂಜು ಸರಿದಿದೆ. ಅಲ್ಲಿ ದರೋಡೆಕೋರರ ಬಿಡಾರ. ಒಂದಲ್ಲ, ಎರಡು. ಸಾಲುಗಟ್ಟಿ ಇಳಿಯುತ್ತಿದ್ದಾರೆ, ನನ್ನ ವಲಸಿಗರ ಕಡೆಗೆ.

ಕಣಿವೆಯ ಬಾಯಿಯಲ್ಲಿ ಬೋನಾರ್‌ನ ಯೋಧನೂ ಇಬ್ಬರು ಬಿಲ್ಲಾಳುಗಳೂ ಬಿದ್ದಿದ್ದ ಗುರುತು. ಹೊಡೆದಾಟ ಸರದಿಗಟ್ಟಲೆ ನಡೆದಿದೆ. ಅವರ ಬೆನ್ನಿದ್ದದ್ದು ನನ್ನ ಕಡೆಗೆ.

ಅವನ ಸೈನ್ಯ ಎಂದರೆ ಅಷ್ಟೇ. ಅದಕ್ಕೇ ರಾಜಧಾನಿ ಖಾಲಿ ಇತ್ತು.

ಇದನ್ನು ನೋಡುತ್ತ ಕುಳಿತಿದ್ದಾಗಲೇ ತೆತೆ ಇಮಾಸ್ ಪಡುವಣದ ನನ್ನ ಎರಡನೇ ಊರನ್ನು ನುಂಗಿದಳು. ಹಿಂದೆಯೇ ಮೆಸೇಜು. "ಆಟ ಅಂದ್ಮೇಲೆ ಆಟ ಕಣೋ ದಾನ್. ಚಿಕ್ಕಮ್ಮಂಗೆ ದೋಡೋಲ್ ಕಳ್ಸಿದೀನಿ, ಸಿಹಿ ಜಾಸ್ತಿ ಆಗಿದ್ಯಾ ಕೇಳು."

ಆಗಸ್ಟ್ 21

ಬೋನಾರ್‌ನಿಂದ ಮಾತಿಲ್ಲ. ಮೂರು ಸಲ ಬರೆದು ಅಳಿಸಿದೆ.

ಇವತ್ತು ಬೆಳಿಗ್ಗೆ ಬರವಣಿಗೆ ಕಲಿತೆ. ಪರದೆಯ ತುಂಬ ಅಭಿನಂದನೆ, ತುತ್ತೂರಿ. ಒಪ್ಪಂದದ ಬಟನ್ ತೆರೆಯಿತು. ಒತ್ತಿದರೆ ಒಂದೇ ಹೆಸರು: ಇಮಾಸ್.

ಆಗಸ್ಟ್ 24, ಭಾನುವಾರ

ಬೋನಾರ್ ಮನೆಗೆ ಬಂದ, ಕಂಕುಳಲ್ಲಿ ಕಾಫಿ ಬೀಜದ ಚೀಲ. ನಿನಿಂಗ್ ಬಿಸಿ ಬಾಂದ್ರೆಕ್ ತಂದಿಟ್ಟಳು. ಅವನು ಶುಂಠಿಯ ಖಾರಕ್ಕೆ ಹಾ ಹಾ ಎನ್ನುತ್ತ ಕುಡಿದ.

ನಾನೇ ಕೇಳಿದೆ. "ನನ್ ವಲಸಿಗರನ್ನ ಕಾಯ್ತಿದೀನಿ ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

ಅವನ ಲೋಟಕ್ಕೆ ಇನ್ನಷ್ಟು ಬಾಂದ್ರೆಕ್ ಬಗ್ಗಿಸಿದೆ.

"ಬಿಡೋ ಲಾಯೆ. ಸೋತೆ, ಅಷ್ಟೇ. ತಗೋ, ಮಳಿಗೆ ಕೀಲಿ ಸಿಕ್ತು. ನಂಗೊಂದು, ನಿಂಗೊಂದು. ಮೂವತ್ತೊಂದಕ್ಕೆ ಹತ್ತು ಗಂಟೆಗೆ ಬಾಗಿಲು ತೆಗೆಯೋಣ. ಬಂದ್ರೆ ಹೂಂ ಅಂತ. ಬರ್ದಿದ್ರೆ ಬೇರೆಯೋರನ್ನ ನೋಡ್ಕೋತೀನಿ."

ಅವನು ಹೋದ ಮೇಲೆ ನಿನಿಂಗ್‌ಗೆ ಎಲ್ಲ ಹೇಳಿದೆ, ಗಾಳ ಹಾಕಿದ್ದೂ ಸೇರಿ. ಲೋಟ ಎತ್ತುತ್ತ ಅಂದಳು, "ಪರೀಕ್ಷೆ ಇಟ್ಟೋರು ನೀವು, ಫೇಲಾದೋರೂ ನೀವೇ. ಬೋನಾರ್‌ಗೇ ಸಿಟ್ಟಿಲ್ಲ ಅಂದ್ಮೇಲೆ ಬಾಯ್ಮುಚ್ಕೊಂಡು ಹೋಗಿ ಕಾಂಗ್."

ನಾಚಿಕೆಯಾಯಿತು. ರಾಜೀನಾಮೆ ಬರೆದಿಟ್ಟೆ.

ಆಗಸ್ಟ್ 31, ಭಾನುವಾರ. ಬೆಳಿಗ್ಗೆ 9.05

ಸ್ನಾನ ಆಯಿತು. ಹೊಸ ಅಂಗಿ. ಜೇಬಿನಲ್ಲಿ ಕೀಲಿ. ಇಲ್ಲಿಂದ ದಾಗೋಗೆ ಅರ್ಧ ಗಂಟೆ ಸಾಕು.

ಒಂದು ವಿಷಯ ಮಾತ್ರ. ರಾಜಧಾನಿ ಕಳೆದುಕೊಂಡವನು ಒಂದು ಬೈಗುಳವನ್ನೂ ಆಡಲಿಲ್ಲ. ನಮ್ಮಮ್ಮನಾಗಿದ್ದರೂ ಬೈಯುತ್ತಿದ್ದಳು. ಇಷ್ಟು ಬೇಗ ಕ್ಷಮಿಸುವವರು ಯಾರು? ಅದೂ ಯಾಕೆ?

9.40

"ಇನ್ನೂ ಇಲ್ಲೇ ಇದೀರಾ?" ಅಡುಗೆಮನೆಯಿಂದ ನಿನಿಂಗ್.

ಹೊರಟೆ ಎಂದೆ. ದಾರಿಯಲ್ಲೇ ಬೀಗದವನ ಅಂಗಡಿ ಇದೆ. ಕೀಲಿ ಹೊಸದು, ಆ ಬೀಗದವನೇ ಮಾಡಿಕೊಟ್ಟಿರಬೇಕು. ಎರಡೇ ಕೀಲಿ ಎಂದವನು ಬೋನಾರ್ ತಾನೆ, ಬೇರೆ ಯಾರು ನೋಡಿದ್ದಾರೆ? ಎಷ್ಟು ಕೀಲಿ ಮಾಡಿಕೊಟ್ಟೆ ಎಂದು ಒಂದು ಮಾತು ಕೇಳಿಕೊಂಡು ಹೋದರೆ ನಷ್ಟವೇನು. ಭಾನುವಾರ ಬೀಗದವನು ಅಂಗಡಿ ತೆಗೆಯುವುದು ಹನ್ನೊಂದಕ್ಕೆ. ಕಾದು ಕೇಳಿಯೇ ಹೋಗುತ್ತೇನೆ.