ಗೆಟ್ ಬ್ಯಾಕ್ ಟು ಯು

೧೨ ಆಗಸ್ಟ್ ೨೦೨೫, ಮಂಗಳವಾರ, ಕೊಟ್ಟೂರು

ಇವತ್ತೂ ಫೋನ್ ಬರಲಿಲ್ಲ. ಹರಪನಹಳ್ಳಿಯ ನರ್ಸಿಂಗ್ ಹೋಮಿನವರು ಸಂದರ್ಶನದುದ್ದಕ್ಕೂ ಕನ್ನಡದಲ್ಲೇ ಮಾತಾಡಿದ್ದರು. ರಾತ್ರಿ ಪಾಳಿ ಮಾಡ್ತೀಯಾ ಎಂದು ಕೇಳಿದರು, ಚಹಾನೂ ಕೊಟ್ಟರು. ನಾನು ಏಳುವಾಗ ಮಾತ್ರ ಇಂಗ್ಲಿಷಿನಲ್ಲಿ, "ವಿ ವಿಲ್ ಗೆಟ್ ಬ್ಯಾಕ್ ಟು ಯು" ಅಂದರು. ಅವರೇ ಮತ್ತೆ ತಿಳಿಸುತ್ತಾರೆ ಎಂದರ್ಥ ಅಂತ ಅವ್ವನಿಗೆ ಹೇಳಿದ್ದೆ. ಅದನ್ನೇ ನಂಬಿ ಕೂಡ್ಲಿಗಿಯ ಕ್ಲಿನಿಕ್ಕಿನ ಕೆಲಸ ಬೇಡವೆಂದೆ.

ಸಂಜೆ ತಡೆಯಲಾರದೆ ನಾನೇ ಫೋನ್ ಮಾಡಿದೆ.

"ಆ ಕೆಲಸಕ್ಕ ಆಗ್ಲೇ ಬ್ಯಾರೇರು ಬಂದಾರ್ರಿ. ನಿಮಗ ಹೇಳಿಲ್ಲೇನು?" ಎಂದಳು ಅಲ್ಲಿಯ ಹುಡುಗಿ.

ಯಾವ ಭಾಷೆಯಲ್ಲಿ ಹೇಳಿದ್ದರು? 'ಇಲ್ಲ' ಅನ್ನಲು ಕನ್ನಡದಲ್ಲಿ ಎರಡಕ್ಷರ ಸಾಕಿತ್ತು.

ಅವ್ವನ ಮುಂದೆ ಕೂಗಾಡಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಹೆಣ್ಣು ನೋಡಾಕ ಬಂದೋರು ಊರಿಗೆ ಹೋಗಿ ತಿಳಸ್ತೀವಿ ಅಂತಾರಲ್ಲ ಸೌಭಾಗ್ಯ, ಅದ ಇದು" ಅಂದಳು.

"ಗೊತ್ತಿದ್ರ ಮೊದ್ಲ ಯಾಕ ಹೇಳ್ಲಿಲ್ಲಬೇ?"

"ನಿನ್ನ ನೋಡಿ ಹೋದೋರು ಹಂಗಂದಾಗ ನಾನೂ ಹಾದಿ ಕಾದೀನಿ. ಕಾಯೋರಿಗೆ ಹೆಂಗ ಹೇಳ್ಲಿ?"

ಸಿಟ್ಟು ಇನ್ನೂ ಇಳಿದಿಲ್ಲ, ಯಾರ ಮೇಲೆ ಅನ್ನುವುದು ಮಾತ್ರ ಗೊತ್ತಾಗುತ್ತಿಲ್ಲ. ನಾಳೆ ಕೂಡ್ಲಿಗಿಗೆ ಹೋಗಿ, ಆ ಕೆಲಸ ಇನ್ನೂ ಇದೆಯಾ ಎಂದು ಕ್ಲಿನಿಕ್ಕಿನ ಡಾಕ್ಟರ ಎದುರಿಗೇ ನಿಂತು ಕೇಳುತ್ತೇನೆ. ಹೂಂ ಅನ್ನಲಿ, ಇಲ್ಲ ಅನ್ನಲಿ, ಮುಖ ನೋಡಿ ಅನ್ನಲಿ. ಕಣ್ಣು ಎಳೆಯುತ್ತಿದೆ, ಆದರೂ ಫೋನನ್ನು ದಿಂಬಿನ ಪಕ್ಕದಿಂದ ಇನ್ನೂ ಎತ್ತಿಡಲು…