ಮೂರು ಲ್ಯಾಂಡಿಂಗ್

ಮಾರ್ಚ್ 3, ಭಾನುವಾರ

ಎರಡು ತಿಂಗಳಾದ ಮೇಲೆ ಹಾರಿದೆ. ಪಕ್ಕದಲ್ಲಿ ತರಬೇತುದಾರರು. ನೆಲ ಇನ್ನೂ ದೂರವಿರುವಾಗಲೇ ವಿಮಾನದ ಮೂತಿ ಎತ್ತಿಬಿಟ್ಟೆ. ದೊಪ್ಪೆಂದು ಕುಕ್ಕರಿಸಿ ಚೆಂಡಿನಂತೆ ಪುಟಿಯಿತು. ಅವರೇ ಹಿಡಿದು ಇಳಿಸಬೇಕಾಯಿತು.

"ಕೈ ಮರೆತಿಲ್ಲ ಮೇಡಂ, ಕಣ್ಣು ಮರೆತಿದೆ. ಅಪರೂಪಕ್ಕೆ ಬಂದ್ರೆ ಹೀಗೇ. ಮನೇಲಾದ್ರೂ ಅಭ್ಯಾಸ ಮಾಡಿ. ಒಂದು ಕುರ್ಚಿ ಸಾಕು. ಬಾಯಿಬಿಟ್ಟು ಹೇಳ್ಕೊಳ್ಳಿ."

ಬಾಯಿಬಿಟ್ಟು! ಹಲ್ಲಿನ ಡಾಕ್ಟರಿಗೆ ಹೇಳುವ ಮಾತೇ ಇದು? ದಿನವಿಡೀ ಬಾಯಿ ತೆರೆದವರ ನಡುವೆಯೇ ಇರುತ್ತೇನೆ. ಮಾತಾಡುವವರು ಒಬ್ಬರೂ ಇಲ್ಲ.

ಮಾರ್ಚ್ 19, ಸಂಜೆ

ಊಟದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಅಭ್ಯಾಸ. ಇಂಧನ, ರೆಕ್ಕೆಯ ಫ್ಲಾಪ್, ವೇಗ — ಗಟ್ಟಿಯಾಗಿ. ಆಮೇಲೆ ಪ್ರಯಾಣಿಕರಿಗೆ ಹೇಳುವ ಮಾತು: "ಬೆಲ್ಟ್ ಹಾಕ್ಕೊಳ್ಳಿ. ಇಳಿಯುವಾಗ ನನ್ನನ್ನ ಮಾತಾಡಿಸ್ಬೇಡಿ."

ಯಾರೋ ಬಾಗಿಲು ತಟ್ಟಿದರು. ಕೆಳಮನೆಯ ಟೈಲರ್. ಇಷ್ಟು ವರ್ಷ ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ.

"ಮಾತು ಕೇಳಿಸ್ತು ಡಾಕ್ಟ್ರೇ. ಅಂತೂ ನಿಮ್ಮನೇಗೂ ನೆಂಟ್ರು ಬಂದ್ರಲ್ಲಾಂತ..."

"ಯಾರೂ ಇಲ್ಲ." ಎಲ್ಲ ಹೇಳಬೇಕಾಯಿತು. ಕಿವಿ ಬಿಸಿಯಾಯಿತು.

ನಗಲಿಲ್ಲ ಅವರು. ಇನ್ನೊಂದು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. "ಹಾಗಾದ್ರೆ ನಂಗೇ ಹೇಳಿ. ಬೆಲ್ಟ್ ಎಲ್ಲಿ?"

ಏಪ್ರಿಲ್ 9

ಈಗ ಆಗಾಗ ಬರುತ್ತಾರೆ. ಇವತ್ತು "ಇಳಿಯುವಾಗ" ಬೇಕಂತಲೇ ಮಾತಾಡಿಸಿದರು. ಗದರಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗುತ್ತಾರಂತೆ.

"ಅಷ್ಟರೊಳಗೆ ನಿಜವಾದ್ದರಲ್ಲಿ ಒಂದ್ಸಲ ಕೂರಿಸ್ತೀರಾ?"

ಹೂಂ ಎಂದೆ. ಲೈಸೆನ್ಸ್ ಇದೆ, ಆದರೆ ಈಚೆಗೆ ಹಾರಿದ್ದು ಕಡಿಮೆ. ನಿಯಮದ ಪ್ರಕಾರ ಮೊದಲು ನಾನೊಬ್ಬಳೇ ಮೂರು ಸಲ ಏರಿ ಇಳಿಯಬೇಕು. ಆಮೇಲೆ ಅವರು.

ಏಪ್ರಿಲ್ 28, ಭಾನುವಾರ

ಹೊಸ ನೀಲಿ ಅಂಗಿ ಹೊಲಿದುಕೊಂಡು ಬಂದಿದ್ದರು. ಬೇಲಿಯಾಚೆಯಿಂದ ಕೈ ಬೀಸಿದರು.

ಅಡ್ಡಗಾಳಿ. ಮೊದಲನೆಯದು ಪರವಾಗಿಲ್ಲ. ಎರಡನೆಯದು ರನ್‌ವೇ ಅಂಚಿಗೆ ಜಾರಿತು. ಮೂರನೆಯದು ತೇಲಿ ತೇಲಿ... ಮತ್ತೆ ಮೇಲೇರಿ, ಸುತ್ತಿ ಬಂದು, ಹೇಗೋ ಇಳಿಸಿದೆ. ಲೆಕ್ಕಕ್ಕೆ ಮೂರಾಯಿತು. ಕಾನೂನಿಗೆ ಸಾಕು. ನನಗೆ ಸಾಲದು.

ಎಂಜಿನ್ ನಿಲ್ಲಿಸಿದೆ. ನನ್ನ ಜೊತೆ ಬರುತ್ತೇನೆಂದವರು ಇವರೊಬ್ಬರೇ. ಇವತ್ತು ಬಿಟ್ಟರೆ ಇಲ್ಲ. ಒಂದೇ ಸುತ್ತು ತಾನೇ...

ಇಳಿದು ಹೋಗಿ ಹೇಳಿದೆ. "ಇವತ್ತು ಬೇಡ."

"ಯಾಕೆ? ಕೆಳಗಿಂದ ಚೆನ್ನಾಗೇ ಕಾಣಿಸ್ತಲ್ಲ."

"ಚೆನ್ನಾಗಿರ್ಲಿಲ್ಲ. ನಾನೊಬ್ಬಳೇ ಆದ್ರೆ ಹೇಗೋ ಆಗುತ್ತೆ. ನಿಮ್ಮನ್ನ ಕೂರಿಸ್ಕೊಂಡು ಆಗಲ್ಲ."

"ನಂಗಿಲ್ಲದ ಹೆದರಿಕೆ ನಿಮಗ್ಯಾಕೆ?"

ಕಾರಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿದ್ದರು.

ಏಪ್ರಿಲ್ 30

ಸಾಮಾನಿನ ಲಾರಿ ಬಂದು ಹೋಗಿದೆ. ನಾನು ಕ್ಲಿನಿಕ್‌ನಲ್ಲಿದ್ದೆ. ಕೆಳಮನೆಗೆ ಬೀಗ.

ಮೇ 4

ಇನ್ನು ಶನಿವಾರ ಮಧ್ಯಾಹ್ನ ಕ್ಲಿನಿಕ್ ಬಂದ್. ಬೇರೆಲ್ಲ ಬಿಟ್ಟು ಬರೀ ಅಡ್ಡಗಾಳಿ ಕಲಿಸಿ ಎಂದು ತರಬೇತುದಾರರಿಗೆ ಹೇಳಿದ್ದೇನೆ. ಯಾರನ್ನು ಕೂರಿಸಿಕೊಳ್ಳಲಿಕ್ಕೆ? ಗೊತ್ತಿಲ್ಲ.

ಜೂನ್ 15, ಸಂಜೆ

ಒಳ್ಳೇ ಅಡ್ಡಗಾಳಿ ಇತ್ತು. ತರಬೇತುದಾರರು ಕೆಳಗೇ ಉಳಿದರು. "ನಾನ್ಯಾಕೆ ಮೇಡಂ, ಸುಮ್ನೆ ಭಾರ. ನೀವೇ ಹೋಗಿ ಬನ್ನಿ."

ಮನೆಗೆ ಬಂದು ಶೂ ಬಿಚ್ಚುತ್ತಿದ್ದೆ, ಫೋನ್. ಕೆಳಮನೆಯವರು!

"ಕೋಪ ಇತ್ತು ಡಾಕ್ಟ್ರೇ. ಅದಕ್ಕೇ ಹೇಳದೆ ಬಂದ್ಬಿಟ್ಟೆ." ಆಚೆ ಕಡೆ ಹೊಲಿಗೆ ಮೆಷಿನ್ ಸದ್ದು, ಆಮೇಲೆ ಅದೂ ನಿಂತಿತು. "ಇರ್ಲಿ ಬಿಡಿ. ಇವತ್ತು ಹಾರಿದ್ರಾ?"

"ಹೂಂ."

"ಹೇಗಿತ್ತು?"

ಎಷ್ಟೋ ವರ್ಷದಿಂದ ಹಾರುತ್ತಿದ್ದೇನೆ. ಮನೆಗೆ ಬಂದ ಮೇಲೆ ಇದನ್ನು ಯಾರೂ ಕೇಳಿರಲಿಲ್ಲ. ಒಂದು ಶೂ ಕಾಲಲ್ಲೇ ಇತ್ತು. ಹಾಗೇ ನೆಲದ ಮೇಲೆ ಕೂತು ಹೇಳಿದೆ. ಗಾಳಿ ಎಡಗಡೆಯಿಂದ ಇತ್ತು, ಮೊದಲನೆಯದು ಸ್ವಲ್ಪ ಉದ್ದ ಹೋಯಿತು, ಎರಡನೆಯದರಲ್ಲಿ ಎಡಚಕ್ರ ಮೊದಲು ತಾಗಿತು, ಅಂಥ ಗಾಳಿಗೆ ಹಾಗೇ ತಾಗಬೇಕು, ಮೂರನೆಯದು —