ಗೇಟಿನವನು ಮನೆಯೊಳಗೆ ಹೋಗಲಿಲ್ಲ

ಮನೆಯಿಂದ,
ಭಾನುವಾರ, ಹದಿನೇಳನೇ ತಾರೀಕು,
ಅಪ್ಪ ಊಟ ಮಾಡಿ ಮಲಗಿರುವ ಹೊತ್ತು

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಹೊಟ್ಟೆಯ ಸಮಾಚಾರ ಹೇಳು. ಉರಿ ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯೋ, ಅಥವಾ ಟೀ ಸಿಗರೇಟಿನಲ್ಲೇ ದಿನ ದೂಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ರೂಢಿ, ಹಾಗೇ ಇಟ್ಟುಕೋ. ಅಪ್ಪನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಜೀವಮಾನವೆಲ್ಲ ಬಸ್ಸಿನ ಕ್ಲಚ್ಚು ತುಳಿದ ಕಾಲು, ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲವಲ್ಲ. ವಿಳಾಸವನ್ನು ನಿನ್ನ ಕ್ಯಾಮೆರಾದವನ ಹತ್ತಿರ ಕಾಡಿ ಬೇಡಿ ತೆಗೆದುಕೊಂಡೆ. ಅವನನ್ನು ಬೈಯಬೇಡ, ಪಾಪ, ಎರಡು ದಿನ ಬಾಯಿ ಬಿಟ್ಟಿರಲಿಲ್ಲ.

ನಿನ್ನ ಸಿನಿಮಾ ನೋಡಿ ಜನ ಏನನ್ನುತ್ತಾರೆ ಅಂತ ನಿನಗೆ ಯಾರೂ ನಿಜ ಹೇಳಿರುವುದಿಲ್ಲ. ಪೇಪರಿನವರು ಬರೆದದ್ದು ಬಿಡು, ಅದನ್ನು ಓದಿದರೆ ಅವರು ಸಿನಿಮಾ ನೋಡಿದರೋ ಪೋಸ್ಟರ್ ನೋಡಿದರೋ ತಿಳಿಯುವುದಿಲ್ಲ. ನಿಜವಾದ ಜನ ಸಿಗುವುದು ನಾನು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯಲ್ಲಿ. ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ, ಅದರಲ್ಲೂ ಇದು ಎಲ್ಲರೂ ಶಾಲೆಯಲ್ಲಿ ಓದಿದ ಕಥೆ. ರೈಲ್ವೆ ಗೇಟು ಕಾಯುವವನ ಹೆಂಡತಿ ಜ್ವರದಲ್ಲಿ ನರಳುತ್ತಿದ್ದಾಳೆ, ಡಾಕ್ಟರ ಗಾಡಿ ಗೇಟಿನ ಆಚೆ ನಿಂತಿದೆ, ರೈಲು ಬರುವ ಹೊತ್ತು, ಅವನು ಗೇಟು ತೆಗೆಯುವುದಿಲ್ಲ. ರೈಲು ತಡವಾಗುತ್ತದೆ, ಅವಳು ಹೋಗಿಬಿಡುತ್ತಾಳೆ. ಮಾರನೇ ಬೆಳಿಗ್ಗೆ ಅವನು ಸರಿಯಾದ ಹೊತ್ತಿಗೆ ಮತ್ತೆ ಗೇಟು ಹಾಕುತ್ತಾನೆ, ಅಲ್ಲಿಗೆ ಪಾಠ ಮುಗಿಯಿತು. ಕೆಳಗೆ ಪ್ರಶ್ನೆ: ಅವನು ಮಾಡಿದ್ದು ಸರಿಯೇ? ಕಾರಣ ಕೊಟ್ಟು ವಿವರಿಸಿ. ಸರಿ ಅಂತ ಬರೆದವರಿಗೆ ಪೂರ್ತಿ ಅಂಕ. ನೀನು ಗೊತ್ತಿಲ್ಲ ಅಂತ ಬರೆದು ಸೊನ್ನೆ ತಂದದ್ದು ಅಮ್ಮನಿಗೆ ಎಷ್ಟು ನಗುವಿನ ವಿಷಯವಾಗಿತ್ತು.

ಈಗ ಎಲ್ಲರೂ ಮತ್ತೆ ಅದೇ ಪರೀಕ್ಷೆ ಬರೆಯುತ್ತಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ದವಡೆಗೆ ಸೂಜಿ ಹಾಕಿಸಿಕೊಂಡು, ಅರ್ಧ ಬಾಯಿ ಮರಗಟ್ಟಿದ್ದರೂ ಬಿಡದೆ, ನೀನು ಕಥೆಯ ಕೊನೆಯನ್ನು ಹಾಳು ಮಾಡಿದೆ ಅಂತ ತೊದಲುತ್ತಲೇ ವಾದಿಸಿದರು. ಪಾಠದಲ್ಲಿ ಅವನು ಎದೆಸೆಟೆಸಿ ನಿಲ್ಲುತ್ತಾನಂತೆ, ನೀನು ಅವನನ್ನು ಹೇಡಿ ಮಾಡಿದೆಯಂತೆ. ಪಕ್ಕದಲ್ಲಿದ್ದ ನರ್ಸಮ್ಮ, ಗೇಟಿನ ಕೆಳಗೆ ನುಸುಳಿ ಡಾಕ್ಟರು ನಡೆದುಕೊಂಡೇ ಬರಬಹುದಿತ್ತಲ್ಲ, ಅವರಿಗೇನು ಕಾಲಿರಲಿಲ್ಲವೇ ಅಂತ ಕೇಳಿದಳು. ಮೇಷ್ಟ್ರ ಬಾಯಿ ಅಷ್ಟು ಹೊತ್ತಿಗೆ ಪೂರ್ತಿ ಮರಗಟ್ಟಿತ್ತು. ನಮ್ಮ ಹಲ್ಲಿನ ಡಾಕ್ಟರಂತೂ ಸಿನಿಮಾ ನಡುವೆ ನಿದ್ದೆ ಮಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ಅದನ್ನು ತೆಗೆದವನು ನನ್ನ ಅಣ್ಣ ಅಂತ ನಾನು ಯಾರಿಗೂ ಹೇಳಲಿಲ್ಲ. ನಾಚಿಕೆಯಿಂದಲ್ಲ. ಹೇಳಿದರೆ ನೀನು ಎಲ್ಲಿದ್ದೀಯ ಅಂತ ಕೇಳುತ್ತಾರೆ, ಆಗ ಏನು ಹೇಳಲಿ?

ನಾನು ಮೊದಲ ವಾರವೇ ಕೆಳಗಿನ ಮನೆಯ ಅಕ್ಕನ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಮಂಚದ ಮೇಲೆ ಗೇಟಿನವನ ಹೆಂಡತಿ, ಗಂಡನಿಗೆ ಹೇಳಿಕಳಿಸುತ್ತೇವೆ ಅಂದವರ ಕೈ ಹಿಡಿದು, 'ಕರೀಬೇಡಿ, ಅವರಿಗೆ ಕೆಲಸದ ಹೊತ್ತು' ಅನ್ನುತ್ತಾಳಲ್ಲ, ಅಲ್ಲಿ ನಾನು ಅಕ್ಕನ ಕೈ ಹಿಡಿದುಕೊಂಡೆ. ಪಾಠದಲ್ಲಿ ಆ ಮಾತಿಲ್ಲ. ಅದು ಅಮ್ಮ ತನ್ನ ಕೊನೆಯ ದಿನ ನನಗೆ ಹೇಳಿದ ಮಾತು, ನಾನು ನಿನಗೆ ಹೇಳಿರಲಿಲ್ಲ. ನೀನೇ ಊಹಿಸಿ ಬರೆದಿದ್ದೀಯ ಅಂದರೆ ಅಮ್ಮ ನಿನಗೆ ನನಗಿಂತ ಚೆನ್ನಾಗಿ ಗೊತ್ತಿದ್ದಳು. ಅವಳು ಬೇಡ ಅಂದಳೆಂದೇ ನಾವು 'ಸ್ವಲ್ಪ ಹುಷಾರಿಲ್ಲ, ಗಾಬರಿ ಬೇಡ' ಅಂತ ಹೇಳಿಕಳಿಸಿದ್ದು. ನೀನು ಶೂಟಿಂಗಿಗೆ ಹಳೇ ರೈಲು ಒಂದೇ ದಿನಕ್ಕೆ ಸಿಕ್ಕಿದೆ, ಅದನ್ನು ಮುಗಿಸಿ ಬರುತ್ತೇನೆ ಅಂದೆ. ಹಾಗೆ ಹೇಳಿಕಳಿಸಿದರೆ ಯಾರಾದರೂ ಹಾಗೇ ಅನ್ನುತ್ತಾರೆ. ಇದನ್ನು ನಿನ್ನೆದುರು ಕೂತು ಹೇಳಬೇಕು ಅಂತ ಕಾದೆ. ಆದರೆ ನೀನು ಸೀದಾ ಮಣ್ಣಿಗೆ ಬಂದೆ, ಅಲ್ಲಿಂದಲೇ ಹೊರಟುಹೋದೆ.

ಹೊರಟದ್ದು ಯಾಕೆ ಅಂತ ನನಗೆ ಗೊತ್ತು. ಎಲ್ಲರೆದುರು ಅಪ್ಪ, 'ಇವತ್ತಾದ್ರೂ ರಜೆ ಸಿಕ್ತಾ?' ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹುಟ್ಟಿದ ದಿನವೂ ಡ್ಯೂಟಿ ಬಿಡದೆ, ಸಂಜೆ ಬಸ್ಸು ಡಿಪೋಗೆ ಬಿಟ್ಟೇ ಬಂದು ನನ್ನ ಮುಖ ನೋಡಿದ ಮನುಷ್ಯ ನಿನ್ನನ್ನು ಹಾಗೆ ಕೇಳಿದ್ದು ಅನ್ಯಾಯ. ಅಂದು ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆಮೇಲೆ ಅವರು ಆ ಮಾತು ಎತ್ತಿಲ್ಲ, ನಿನ್ನ ಹೆಸರೂ ಎತ್ತಿಲ್ಲ. ಟೀ ಮಾಡುವಾಗ ಮಾತ್ರ ಮರೆತು ನಾಲ್ಕು ಲೋಟ ಇಡುತ್ತಾರೆ, ನಾನು ಎರಡು ತೆಗೆದಿಡುತ್ತೇನೆ.

ಸಿನಿಮಾಕ್ಕೆ ಬನ್ನಿ ಅಂದರೆ, 'ರೈಲು ನಾನು ನೋಡದ್ದಾ' ಅಂದು ಮುಖ ತಿರುಗಿಸಿದ್ದರು. ಗುರುವಾರ ಸಿನಿಮಾ ಎತ್ತಿಬಿಡುತ್ತಾರೆ ಅಂತ ಗೊತ್ತಾದ ಮೇಲೆ, ಮೊನ್ನೆ ಬುಧವಾರ ಬೆಳಿಗ್ಗೆ ತಾವಾಗಿಯೇ ಇಸ್ತ್ರಿ ಅಂಗಿ ಹಾಕಿಕೊಂಡು, 'ಎಷ್ಟು ಹೊತ್ತಿಗಂತೆ ಅದು?' ಅಂದರು. ನಾನು ಹಲ್ಲಿನವರಿಗೆ ಹಲ್ಲುನೋವು ಅಂತ ರಜೆ ಹೇಳಿದೆ, ನಗಬೇಡ. ಸಿನಿಮಾವನ್ನು ಮೇಲಿನ ಸಣ್ಣ ಹಾಲಿಗೆ ತಳ್ಳಿದ್ದರು. ಕುರ್ಚಿಗಳ ಸ್ಪಂಜು ಹೊರಗೆ ಬಂದಿತ್ತು, ಹದಿನೈದಿಪ್ಪತ್ತು ಜನ ಇದ್ದರೆ ಹೆಚ್ಚು. ಅಪ್ಪ ಬಾಗಿಲ ಪಕ್ಕದ ಸೀಟೇ ಬೇಕು ಅಂದರು. ರೈಲು ಬಂದಾಗ ಅವರ ಬಲಗಾಲು ಬ್ರೇಕು ತುಳಿದ ಹಾಗೆ ನೆಲ ಒತ್ತಿದ್ದನ್ನು ನಾನು ನೋಡಿದೆ.

ಆಮೇಲೆ ನಿನ್ನ ಕೊನೆಯ ಭಾಗ. ಎಲ್ಲರೂ ಬೈಯುವುದು ಅದನ್ನೇ. ಗೇಟು ತೆರೆದಾಗಿದೆ, ಡಾಕ್ಟರು ಹೋಗಿ ತಲೆ ತಗ್ಗಿಸಿ ವಾಪಸು ಬಂದಾಗಿದೆ, ಮನೆಯಲ್ಲಿ ದೀಪ ಇದೆ. ಅವನು ಮಾತ್ರ ಮೆಟ್ಟಿಲವರೆಗೆ ಹೋಗುತ್ತಾನೆ, ನಿಲ್ಲುತ್ತಾನೆ, ಹಿಂದಿರುಗಿ ಬಂದು ಗೇಟಿನ ತಿರುಗಣೆಗೆ ಎಣ್ಣೆ ಹಾಕುತ್ತಾನೆ. ಮತ್ತೆ ಮೆಟ್ಟಿಲು, ಮತ್ತೆ ಎಣ್ಣೆ. ಒಬ್ಬನು ಸೀಟಿ ಹೊಡೆದ. ಇನ್ನೊಬ್ಬನು, 'ರೀಲು ಸಿಕ್ಕಿಹಾಕಿಕೊಂಡಿದೆ, ಯಾರಾದ್ರೂ ತಟ್ರೋ' ಅಂದ. ಇಬ್ಬರು ಎದ್ದು ಹೋದರು. ನಮ್ಮ ಮುಂದಿನ ಸಾಲಿನಲ್ಲಿ ತರಕಾರಿ ಚೀಲ ತೊಡೆ ಮೇಲಿಟ್ಟುಕೊಂಡ ಹೆಂಗಸೊಬ್ಬಳಿಗೆ ತಡೆಯಲಾಗಲಿಲ್ಲ. ತನ್ನ ಮಗನಿಗೆ ಹೇಳುವಂತೆ, 'ಒಳಗೆ ಹೋಗಪ್ಪಾ, ಯಾರೂ ಏನೂ ಅನ್ನಲ್ಲ' ಅಂದಳು. ಹಾಲಿನಲ್ಲೆಲ್ಲ ನಗು.

ಅಪ್ಪ ನಗಲಿಲ್ಲ. ಬಸ್ಸಿನ ಹಿಂದಿನ ಬಾಗಿಲವರೆಗೂ ಕೇಳುತ್ತಿದ್ದ ಆ ಹಳೇ ದನಿಯಲ್ಲಿ, 'ಅನ್ನದೆ ಏನಮ್ಮಾ, ಅಂದಾಗಿದೆ' ಅಂದರು. ಜನ ತಿರುಗಿ ನೋಡಿದರು. ಆ ಹೆಂಗಸೂ ತಿರುಗಿದಳು, ಅಪ್ಪನ ಮುಖ ನೋಡಿ ತರಕಾರಿ ಚೀಲವನ್ನು ಎದೆಗೆ ಎಳೆದುಕೊಂಡಳು. ಆಮೇಲೆ ಮುಗಿಯುವವರೆಗೂ ಯಾರೂ ಸೀಟಿ ಹೊಡೆಯಲಿಲ್ಲ. ನಾನು ಕತ್ತಲಲ್ಲಿ ಅತ್ತೆ ಅಣ್ಣಾ. ಸಿನಿಮಾಕ್ಕೋ, ಅಪ್ಪನಿಗೋ, ಬಾಗಿಲವರೆಗೂ ಬಾರದೆ ಹೋದ ನಿನಗೋ ಗೊತ್ತಾಗಲಿಲ್ಲ.

ಅಂದು ಬಸ್ಸು ಹತ್ತೋಣ ಅಂದರೆ ಕೇಳದೆ ಅಷ್ಟು ದೂರವೂ ಅಪ್ಪ ನಡೆದೇ ಬಂದರು, ಆ ಮಂಡಿ ಇಟ್ಟುಕೊಂಡು. ದಾರಿಯಲ್ಲಿ ಎರಡು ಕಡೆ ಕಟ್ಟೆ ಮೇಲೆ ಕೂತರು. ಎರಡನೇ ಕಡೆ, 'ಚೆನ್ನಾಗಿ ತೆಗೆದಿದ್ದಾನೆ' ಅಂದರು. ಇಷ್ಟೇ. ಇದು ಹೊಗಳಿಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ, ಅವರ ಬಾಯಲ್ಲಿ ಇಷ್ಟು ಬರುವುದೇ ಅಪರೂಪ.

ಸಿನಿಮಾ ಗುರುವಾರವೇ ಎತ್ತಿದರು. ಆ ಜಾಗದಲ್ಲಿ ಈಗ ಯಾವುದೋ ದೆವ್ವದ್ದು ಓಡುತ್ತಿದೆ, ಅದಕ್ಕೆ ಬೀದಿ ತುಂಬ ಸಾಲು. ಬೇಜಾರು ಮಾಡಿಕೊಳ್ಳಬೇಡ. ಹೊಟ್ಟೆ ನೋಡಿಕೋ, ಖಾರ ಬಿಡು. ಸಾಬೂನು ತೀರಿದರೆ ಶಾಂಪೂವಿನಲ್ಲಿ ಬಟ್ಟೆ ಒಗೆಯುವ ನಿನ್ನ ಅಭ್ಯಾಸವನ್ನೂ ಬಿಡು. ಕೆಳಗಿನ ಮನೆಯ ಅಕ್ಕ ಕೇಳಿದೆ ಅಂತ ಬರೆಯಲು ಹೇಳಿದ್ದಾಳೆ. ಅಪ್ಪ ಆಶೀರ್ವಾದ ಹೇಳಿದ್ದಾರೆ ಅಂತ ನಾನೇ ಸೇರಿಸಿದರೆ ಸುಳ್ಳಾಗುತ್ತದೆ, ಆದರೆ ದೊಡ್ಡ ಸುಳ್ಳೇನೂ ಆಗುವುದಿಲ್ಲ.

ಎಂದಿಗೂ ನಿನ್ನ ತಂಗಿ,
ಪಿಟೀಲು
(ಅಳುಬುರುಕಿ ಅಂತ ಈ ಹೆಸರಿಟ್ಟವನು ನೀನೇ. ಈಗ ಹಾಗೆ ಕರೆಯುವವರು ಯಾರೂ ಇಲ್ಲ.)

ತಾ.ಕ.: ಅಪ್ಪ ಏಳುವಷ್ಟರಲ್ಲಿ ಅಂಚೆಗೆ ಹಾಕಬೇಕು, ಬೇಗ ಬರೆಯುತ್ತೇನೆ. ಅವರು ಮನೆ ಖಾಲಿ ಮಾಡುತ್ತೇವೆ ಅಂತ ನಿನ್ನೆ ಓನರಿಗೆ ಹೇಳಿಬಂದಿದ್ದಾರೆ, ನನ್ನನ್ನು ಒಂದು ಮಾತೂ ಕೇಳದೆ. ಎರಡು ಬೀದಿ ಆಚೆ ನೆಲಮಹಡಿಯ ಮನೆ ನೋಡಿದ್ದಾರಂತೆ, ಮಂಡಿಗೆ ಒಳ್ಳೆಯದಂತೆ. ಮಂಡಿಯ ಮಾತು ನಾನು ನಂಬಲಿಲ್ಲ. ಜಗಳ ಮಾಡಿ ಕೇಳಿದ್ದಕ್ಕೆ, 'ಅವನಿಗೆ ಈ ಮನೆಯೊಳಗೆ ಬರೋಕಾಗಲ್ಲ ಕಣೇ. ಬೇರೆ ಮನೆಯಾದ್ರೆ ಬರ್ತಾನೇನೋ' ಅಂದರು. ಇಂದು ಬೆಳಿಗ್ಗೆ ಅಮ್ಮನ ಕೋಣೆ ಖಾಲಿ ಮಾಡುತ್ತೇನೆ ಅಂತ ಒಳಗೆ ಹೋದವರು ಮಧ್ಯಾಹ್ನದವರೆಗೂ ಒಂದು ಸಾಮಾನನ್ನೂ ಈಚೆಗೆ ತರಲಿಲ್ಲ. ತಿಂಗಳ ಕೊನೆಗೆ ಲಾರಿ ಬರುತ್ತದೆ. ಅಷ್ಟರೊಳಗೆ ನೀನು ಒಂದೇ ಒಂದು ಸಲ ಇಲ್ಲಿ ಬಂದು ಕೂತರೆ ಅವರು ಎಲ್ಲಿಗೂ ಹೋಗಬೇಕಾಗಿಲ್ಲ. ನಾನು ಬರೆದೆ ಅಂತ ಹೇಳಬೇಡ. ಸುಮ್ಮನೆ ಬಂದವನ ಹಾಗೆ ಬಾ.